ಪದವಿ ಪಡೆದ ದಿನವೋ, ಸೇವೆಗೆ ಸೇರಿದ ದಿನವೋ?

ಸರ್ಕಾರಿ ನೌಕರನ ಬದುಕಿನಲ್ಲಿ ಸಂಬಳದ ಚೀಟಿಯಷ್ಟೇ ಮಹತ್ವ ಪಡೆದ ಇನ್ನೊಂದು ಕಾಗದವಿದೆ. ಅದು ಜ್ಯೇಷ್ಠತಾ ಪಟ್ಟಿ. ಆ ಪಟ್ಟಿಯಲ್ಲಿ ಒಂದು ಹೆಸರು ಹತ್ತು ಸ್ಥಾನ ಮೇಲೇರಿದರೆ ಹತ್ತು ಹೆಸರುಗಳು ಒಂದೊಂದು ಸ್ಥಾನ ಕೆಳಗಿಳಿಯುತ್ತವೆ. ಇಂಜಿನಿಯರಿಂಗ್ ಇಲಾಖೆಗಳಲ್ಲಿ ಈ ಏರಿಳಿತ ಹುಟ್ಟಿಸಿದಷ್ಟು ವ್ಯಾಜ್ಯಗಳನ್ನು ಬೇರೆ ಇಲಾಖೆಗಳಲ್ಲಿ ಕಾಣುವುದು ಕಷ್ಟ. ಡಿಪ್ಲೊಮಾ ಅರ್ಹತೆಯ ಮೇಲೆ ಕಿರಿಯ ಇಂಜಿನಿಯರಾಗಿ ಸೇವೆಗೆ ಸೇರಿ, ಕೆಲಸ ಮಾಡುತ್ತಲೇ ಪದವಿ ಗಳಿಸಿದವರು ಆ ಪದವಿಗೆ ಜ್ಯೇಷ್ಠತೆಯಲ್ಲಿ ಮಾನ್ಯತೆ ಕೇಳುತ್ತ ಬಂದಿದ್ದಾರೆ. ಈ ಬೇಡಿಕೆ ಹೊಸದಲ್ಲ, ನಮ್ಮ ರಾಜ್ಯಕ್ಕೆ ಸೀಮಿತವಾದುದೂ ಅಲ್ಲ. ಅರ್ಧ ಶತಮಾನದಿಂದ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿದೆ. ಆದರೂ ಪ್ರಶ್ನೆ ಹಾಗೆಯೇ ಉಳಿದಿದೆಯೆಂದರೆ ದೋಷ ಎಲ್ಲಿದೆ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.

ಒಂದೇ ಕೆಲಸ, ಎರಡು ಏಣಿ

ಕರ್ನಾಟಕದ ಲೋಕೋಪಯೋಗಿ ಇಲಾಖೆಯ ರಚನೆಯನ್ನು ಬಲ್ಲವರಿಗೆ ಸಮಸ್ಯೆಯ ಮೂಲ ಸುಲಭವಾಗಿ ಅರ್ಥವಾಗುತ್ತದೆ. ಡಿಪ್ಲೊಮಾ ಪಡೆದವರು 'ಸಿ' ಗುಂಪಿನ ಕಿರಿಯ ಇಂಜಿನಿಯರ್ ಹುದ್ದೆಗೆ ಬರುತ್ತಾರೆ. ಪದವೀಧರರು 'ಬಿ' ಗುಂಪಿನ ಸಹಾಯಕ ಇಂಜಿನಿಯರ್ ಹುದ್ದೆಗೆ ನೇರವಾಗಿ ನೇಮಕಗೊಳ್ಳುತ್ತಾರೆ. ಅಲ್ಲಿಂದ ಮೇಲಕ್ಕೆ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್, ಕಾರ್ಯನಿರ್ವಾಹಕ ಇಂಜಿನಿಯರ್, ಅಧೀಕ್ಷಕ ಇಂಜಿನಿಯರ್, ಮುಖ್ಯ ಇಂಜಿನಿಯರ್ ಎಂಬ ಹಂತಗಳಿವೆ. ಕಾಗದದ ಮೇಲೆ ಕಿರಿಯ ಮತ್ತು ಸಹಾಯಕ ಇಂಜಿನಿಯರುಗಳ ನಡುವಿನ ಅಂತರ ಸ್ಪಷ್ಟವಾಗಿದೆ. ಉಪವಿಭಾಗದ ನೆಲದ ಮೇಲೆ ಹಾಗಿಲ್ಲ. ಅಲ್ಲಿ ಒಂದು ಸೆಕ್ಷನ್ನನ್ನು ಸಹಾಯಕ ಇಂಜಿನಿಯರ್ ನೋಡಿಕೊಂಡರೆ ಪಕ್ಕದ ಸೆಕ್ಷನ್ನನ್ನು ಕಿರಿಯ ಇಂಜಿನಿಯರ್ ನೋಡಿಕೊಳ್ಳುತ್ತಾರೆ. ಇಬ್ಬರೂ ಅಂದಾಜು ಪಟ್ಟಿ ತಯಾರಿಸುತ್ತಾರೆ, ಇಬ್ಬರೂ ಅಳತೆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ, ಸೇತುವೆಯ ಕಾಂಕ್ರೀಟು ಕಳಪೆಯಾದರೆ ಇಬ್ಬರೂ ಒಂದೇ ಬಗೆಯ ನೋಟಿಸು ಪಡೆಯುತ್ತಾರೆ.

ಹೊಣೆ ಸಮನಾಗಿದ್ದು ಏಣಿ ಮಾತ್ರ ಬೇರೆಯಾದಾಗ ಕೆಳಗಿನ ಏಣಿಯಲ್ಲಿರುವವನು ಮೇಲಿನದಕ್ಕೆ ದಾಟಲು ದಾರಿ ಹುಡುಕುವುದು ಸಹಜ. ಆ ದಾರಿಯೇ ಪದವಿ. ಸಂಜೆ ಕಾಲೇಜಿನ ಅರೆಕಾಲಿಕ ಬಿ.ಇ., ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ನಡೆಸುವ ಎ.ಎಂ.ಐ.ಇ. ಪರೀಕ್ಷೆ, ರಜೆ ಪಡೆದು ಸೇರುವ ಹಗಲು ಕಾಲೇಜು, ದೂರಶಿಕ್ಷಣ ಹೀಗೆ ಹಲವು ಮಾರ್ಗಗಳನ್ನು ಹಲವರು ಹಿಡಿದರು. ಹಗಲೆಲ್ಲ ಕಾಮಗಾರಿ ಸ್ಥಳದಲ್ಲಿ ಬಿಸಿಲು ಕುಡಿದು ರಾತ್ರಿ ಪುಸ್ತಕ ಹಿಡಿದವರ ಪರಿಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಇಂತಹವರಿಗೆ ಇಲಾಖೆ ಏನನ್ನೂ ಕೊಡಬಾರದು ಎಂದು ಹೇಳುವವರೂ ಇಲ್ಲ. ವಿವಾದವಿರುವುದು ಎಷ್ಟು ಕೊಡಬೇಕು, ಯಾವ ದಿನಾಂಕದಿಂದ ಕೊಡಬೇಕು ಎಂಬುದರಲ್ಲಿ.

ದಿನಾಂಕವೇ ವ್ಯಾಜ್ಯದ ತಿರುಳು

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯವನ್ನು ಸ್ಪಷ್ಟಪಡಿಸಬಹುದು. ಬಡ್ತಿಗೆ ಪದವೀಧರರಿಗೆ 3 ವರ್ಷ, ಡಿಪ್ಲೊಮಾ ಪಡೆದವರಿಗೆ 6 ವರ್ಷ ಸೇವೆ ಬೇಕೆಂಬ ನಿಯಮವಿದೆ ಎಂದುಕೊಳ್ಳೋಣ. ಒಬ್ಬರು 2010ರಲ್ಲಿ ಡಿಪ್ಲೊಮಾದೊಂದಿಗೆ ಸೇವೆಗೆ ಸೇರಿ 2014ರಲ್ಲಿ ಪದವಿ ಪಡೆದರು. ಇನ್ನೊಬ್ಬರು ಪದವೀಧರರಾಗಿಯೇ 2012ರಲ್ಲಿ ಅದೇ ಹುದ್ದೆಗೆ ಸೇರಿದರು. ಮೊದಲನೆಯವರಿಗೆ ಪದವೀಧರ ಕೋಟಾದಲ್ಲಿ ಅರ್ಹತೆ ಒದಗುವುದು ಯಾವಾಗ? ಸೇವೆಗೆ ಸೇರಿದ ದಿನದಿಂದ ಎಣಿಸಿದರೆ ಪದವಿ ಕೈಗೆ ಬಂದ 2014ರಲ್ಲೇ ಅವರು ಅರ್ಹರು, ಅಷ್ಟೇ ಅಲ್ಲ, ಎರಡನೆಯವರಿಗಿಂತ ಹಿರಿಯರು. ಪದವಿ ಪಡೆದ ದಿನದಿಂದ ಎಣಿಸಿದರೆ ಅವರು 2017ರವರೆಗೆ ಕಾಯಬೇಕು. ಅಷ್ಟರಲ್ಲಿ ಎರಡನೆಯವರು 2015ರಲ್ಲೇ ಅರ್ಹರಾಗಿ ಮುಂದೆ ಹೋಗಿರುತ್ತಾರೆ. ಒಂದು ದಿನಾಂಕದ ಆಯ್ಕೆಯಿಂದ ಇಬ್ಬರ ಇಡೀ ವೃತ್ತಿಜೀವನದ ದಿಕ್ಕು ಬದಲಾಗುತ್ತದೆ.

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ನೀಡಿದ ಉತ್ತರಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಪುದುಚೇರಿಯ ಲೋಕೋಪಯೋಗಿ ಇಲಾಖೆಗೆ ಸಂಬಂಧಿಸಿದ ಸುರೇಶ್ ನಾಥನ್ ಪ್ರಕರಣದಲ್ಲಿ 1991ರಲ್ಲಿ ನ್ಯಾಯಾಲಯ, ಪದವೀಧರರಿಗೆ ನಿಗದಿಯಾದ 3 ವರ್ಷದ ಸೇವೆಯನ್ನು ಪದವಿ ಪಡೆದ ದಿನದಿಂದಲೇ ಎಣಿಸಬೇಕು ಎಂದಿತು. ಆ ಇಲಾಖೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಅದೇ ಆಗಿದ್ದುದು ಈ ತೀರ್ಮಾನಕ್ಕೆ ಮುಖ್ಯ ಆಧಾರವಾಯಿತು. ಮರುವರ್ಷ ಮಧ್ಯಪ್ರದೇಶದ ಉಪ ಇಂಜಿನಿಯರುಗಳ ಜೋಶಿ ಪ್ರಕರಣದಲ್ಲಿ ಉತ್ತರ ಬೇರೆಯಾಯಿತು. ಅಲ್ಲಿ ಡಿಪ್ಲೊಮಾ ಪಡೆದವರಿಗೆ 12 ವರ್ಷ, ಸೇವೆಯಲ್ಲಿರುವಾಗ ಪದವಿ ಪಡೆದವರಿಗೆ 8 ವರ್ಷ ಸೇವೆ ನಿಗದಿಯಾಗಿತ್ತು. ನಿಯಮದಲ್ಲಿ ಒಟ್ಟು ಸೇವೆಯ ಮಾತಷ್ಟೇ ಇದ್ದುದರಿಂದ ಪದವಿಗೆ ಮುಂಚಿನ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನ್ಯಾಯಾಲಯ ಹೇಳಿತು. 1997ರಲ್ಲಿ ಪುದುಚೇರಿಯದೇ ಆದ ಸ್ಟೀಫನ್ ಜೋಸೆಫ್ ಪ್ರಕರಣದಲ್ಲಿ, 2000ದಲ್ಲಿ ಮಣಿಪುರದ ರಘುಮಣಿ ಸಿಂಗ್ ಪ್ರಕರಣದಲ್ಲಿ ಕೂಡ ಒಟ್ಟು ಸೇವೆಯ ಪರವಾಗಿಯೇ ತೀರ್ಪು ಬಂದಿತು.

ಕೊನೆಗೆ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಇಂಜಿನಿಯರುಗಳ ಶೈಲೇಂದ್ರ ದಾನಿಯಾ ಪ್ರಕರಣ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದಿತು. 2007ರ ತೀರ್ಪಿನಲ್ಲಿ ಆ ಪೀಠ, ಪದವೀಧರರಿಗೆ ಮೀಸಲಾದ ಸೀಮಿತ ಕೋಟಾದಲ್ಲಿ ಬಡ್ತಿ ಪಡೆಯಲು ಪದವೀಧರನಾಗಿ ಸಲ್ಲಿಸಿದ ಸೇವೆಯೇ ಬೇಕು, ಡಿಪ್ಲೊಮಾ ಅರ್ಹತೆಯಲ್ಲಿ ಸಲ್ಲಿಸಿದ ಸೇವೆ ಅದಕ್ಕೆ ಬದಲಿಯಾಗದು ಎಂದು ಸ್ಪಷ್ಟಪಡಿಸಿತು. ಅಲ್ಲಿಯೂ ನಿಯಮದ ಭಾಷೆ ಮತ್ತು ಪ್ರಾಧಿಕಾರ ಅನುಸರಿಸಿಕೊಂಡು ಬಂದಿದ್ದ ಪದ್ಧತಿ ತೂಕ ಪಡೆದವು.

ಇಷ್ಟು ತೀರ್ಪುಗಳನ್ನು ಒಟ್ಟಿಗಿಟ್ಟು ಓದಿದಾಗ ಹೊಳೆಯುವ ಸತ್ಯ ಒಂದೇ. ಯಾವ ದಿನಾಂಕ ನ್ಯಾಯ ಎಂಬ ಪ್ರಶ್ನೆಗೆ ನ್ಯಾಯಾಲಯ ಸಾರ್ವತ್ರಿಕ ಉತ್ತರ ಕೊಟ್ಟಿಲ್ಲ, ಕೊಡಲೂ ಹೋಗಿಲ್ಲ. ನಿಮ್ಮ ನಿಯಮ ಏನು ಹೇಳುತ್ತದೆ, ನೀವು ಇದುವರೆಗೆ ಹೇಗೆ ನಡೆದುಕೊಂಡಿದ್ದೀರಿ ಎಂದಷ್ಟೇ ಅದು ಪ್ರತಿ ಸರ್ಕಾರವನ್ನೂ ಕೇಳಿದೆ. ನಿಯಮ ಮೌನವಾಗಿದ್ದಲ್ಲೆಲ್ಲ ವ್ಯಾಜ್ಯ ಹುಟ್ಟಿದೆ. ಅಂದರೆ ಈ ಐದು ದಶಕಗಳ ಜಗಳದ ನಿಜವಾದ ಕರ್ತೃ ನಿಯಮದಲ್ಲಿ ಒಂದು ವಾಕ್ಯ ಬರೆಯದೆ ಬಿಟ್ಟ ಸಚಿವಾಲಯವೇ ಹೊರತು ಪದವಿ ಪಡೆದ ಇಂಜಿನಿಯರೂ ಅಲ್ಲ, ಅವನ ವಿರುದ್ಧ ದಾವೆ ಹೂಡಿದ ಸಹೋದ್ಯೋಗಿಯೂ ಅಲ್ಲ.

ಕರ್ನಾಟಕ ಕಲಿತ ಪಾಠ

ನಮ್ಮ ರಾಜ್ಯಕ್ಕೆ ಈ ಪಾಠ ಹೊಸದಾಗಬೇಕಿಲ್ಲ. ವಿದ್ಯಾರ್ಹತೆಯ ಆಧಾರದ ಮೇಲೆ ನೌಕರರನ್ನು ವಿಂಗಡಿಸಬಹುದೆಂಬ ತತ್ವಕ್ಕೆ ಆರಂಭಿಕ ಮುದ್ರೆ ಬಿದ್ದುದೇ ಮೈಸೂರು ರಾಜ್ಯದ ಪ್ರಕರಣದಲ್ಲಿ. ರಾಜ್ಯ ಪುನರ್ವಿಂಗಡಣೆಯಾದಾಗ ಹೈದರಾಬಾದಿನ ಇಂಜಿನಿಯರಿಂಗ್ ಇಲಾಖೆಯಿಂದ ಮೈಸೂರಿಗೆ ಬಂದ ಟ್ರೇಸರ್‌ಗಳಲ್ಲಿ ಮೆಟ್ರಿಕ್ ಪಾಸಾದವರಿಗೆ ಒಂದು ವೇತನ ಶ್ರೇಣಿ, ಆಗದವರಿಗೆ ಇನ್ನೊಂದು ಎಂದು ಸರ್ಕಾರ ವಿಂಗಡಿಸಿತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ಆ ವಿಂಗಡಣೆಯನ್ನು ಎತ್ತಿಹಿಡಿಯಿತು. 1973ರಲ್ಲಿ ಜಮ್ಮು ಮತ್ತು ಕಾಶ್ಮೀರದ ತ್ರಿಲೋಕಿನಾಥ ಖೋಸಾ ಪ್ರಕರಣದಲ್ಲಿ ಸಂವಿಧಾನ ಪೀಠ, ಕಾರ್ಯನಿರ್ವಾಹಕ ಇಂಜಿನಿಯರ್ ಹುದ್ದೆಯ ಬಡ್ತಿಯನ್ನು ಪದವೀಧರರಿಗೆ ಸೀಮಿತಗೊಳಿಸಿದ ನಿಯಮವನ್ನು ಒಪ್ಪಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಎಚ್ಚರಿಕೆಯೂ ಇದೆ. ಅತಿ ಸಣ್ಣ ವ್ಯತ್ಯಾಸಗಳನ್ನು ಹಿಡಿದು ವರ್ಗದೊಳಗೆ ವರ್ಗ ಮಾಡುತ್ತ ಹೋದರೆ ಸಮಾನತೆಯ ಹಕ್ಕೇ ಕರಗಿಹೋಗುತ್ತದೆ ಎಂಬುದು ಅದರ ಸಾರ.

ಸೇವೆಯಲ್ಲಿದ್ದು ಪದವಿ ಪಡೆದವರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು 1993ರ ಕೆ. ನಾರಾಯಣನ್ ಪ್ರಕರಣ. ಅದು ಕರ್ನಾಟಕದ ಲೋಕೋಪಯೋಗಿ ಇಲಾಖೆಯದೇ. ಪದವಿ ಪಡೆದ ಕಿರಿಯ ಇಂಜಿನಿಯರುಗಳನ್ನು ಸಹಾಯಕ ಇಂಜಿನಿಯರುಗಳನ್ನಾಗಿ ತೆಗೆದುಕೊಳ್ಳುವ ನಿಯಮಕ್ಕೆ ಸರ್ಕಾರ ಪೂರ್ವಾನ್ವಯ ಬಲವನ್ನು ಕೊಟ್ಟಿತ್ತು. ಅದರಿಂದ ಈಗಾಗಲೇ ನೇರವಾಗಿ ನೇಮಕಗೊಂಡಿದ್ದ ಸಹಾಯಕ ಇಂಜಿನಿಯರುಗಳ ಜ್ಯೇಷ್ಠತೆಗೆ ಪೆಟ್ಟು ಬೀಳುತ್ತಿತ್ತು. ನಿಯಮಗಳು ಮುಂದಕ್ಕೆ ಅನ್ವಯಿಸುವುದೇ ಸಹಜ, ಹಿಂದಕ್ಕೆ ಅನ್ವಯಿಸುವುದು ಅಪವಾದ, ಆ ಅಪವಾದವೂ ಇನ್ನೊಬ್ಬರಿಗೆ ದಕ್ಕಿದ ಹಕ್ಕನ್ನು ಕಸಿಯುವಂತಿರಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಂದಿಗೂ ಸೇವಾ ವ್ಯಾಜ್ಯಗಳಲ್ಲಿ ವಕೀಲರು ಈ ತೀರ್ಪನ್ನು ಉಲ್ಲೇಖಿಸುತ್ತಾರೆ. ಆದರೆ ತೀರ್ಪು ಯಾವ ಇಲಾಖೆಯ ವಿಷಯದಲ್ಲಿ ಬಂದಿತೋ ಆ ಇಲಾಖೆಯ ಬೇಡಿಕೆ ಪತ್ರಗಳಲ್ಲೇ ಪೂರ್ವಾನ್ವಯ ಜ್ಯೇಷ್ಠತೆಯ ಆಸೆ ಆಗಾಗ ತಲೆಯೆತ್ತುವುದು ವಿಪರ್ಯಾಸ.

ಜ್ಯೇಷ್ಠತಾ ಪಟ್ಟಿಯನ್ನು ಹಿಂದಿನ ದಿನಾಂಕದಿಂದ ತಿದ್ದಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ನಿದರ್ಶನವೂ ನಮ್ಮಲ್ಲೇ ಇದೆ. ಬಡ್ತಿ ಮೀಸಲಾತಿಯಿಂದ ಒದಗುವ ತತ್ಪರಿಣಾಮ ಜ್ಯೇಷ್ಠತೆಗೆ ಸಂಬಂಧಿಸಿದ ಪವಿತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ 2002ರ ರಾಜ್ಯ ಕಾಯ್ದೆಯ ಅವಕಾಶಗಳನ್ನು ರದ್ದುಪಡಿಸಿ, ಮೂರು ತಿಂಗಳಲ್ಲಿ ಪಟ್ಟಿಗಳನ್ನು ಪರಿಷ್ಕರಿಸುವಂತೆ ಆದೇಶಿಸಿತು. ಬಳಿಕ ರಾಜ್ಯ ಹೊಸ ಕಾಯ್ದೆ ತಂದಿತು, 2019ರ ಮೇ ತಿಂಗಳಲ್ಲಿ ಅದನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆ ಪ್ರಶ್ನೆ ಸಾಮಾಜಿಕ ನ್ಯಾಯದ್ದು, ಇದು ವಿದ್ಯಾರ್ಹತೆಯದ್ದು. ಎರಡರ ತೂಕ ಒಂದೇ ಅಲ್ಲ, ಒಂದನ್ನು ಇನ್ನೊಂದಕ್ಕೆ ಹೋಲಿಸುವುದೂ ಸರಿಯಲ್ಲ. ಆದರೆ ಒಂದು ಪಟ್ಟಿ ಅಲುಗಿದರೆ ಇಡೀ ಆಡಳಿತ ಎಷ್ಟು ಕಾಲ ಅಲುಗುತ್ತದೆ ಎಂಬುದನ್ನು ಆ ಎರಡು ವರ್ಷಗಳು ತೋರಿಸಿಕೊಟ್ಟವು. ಲೋಕೋಪಯೋಗಿ ಇಲಾಖೆಯ ವೃಂದದ ಇಂಜಿನಿಯರುಗಳು ಜಲಸಂಪನ್ಮೂಲ ಇಲಾಖೆಗೂ ನೀರಾವರಿ ನಿಗಮಗಳಿಗೂ ಹೋಗಿ ಕೆಲಸ ಮಾಡುವುದರಿಂದ ಒಂದು ಕಡೆಯ ಅನಿಶ್ಚಿತತೆ ಹತ್ತು ಕಡೆ ಹರಡುತ್ತದೆ.

ಪದವಿಯೇ ಪ್ರಶ್ನೆಯಾದಾಗ

ದಿನಾಂಕದ ಜಗಳದ ಜೊತೆಗೆ ಇನ್ನೊಂದು ಅಪಾಯವೂ ಬೆಳೆಯಿತು. ಪದವಿಯ ಮಾನ್ಯತೆಯೇ ಪ್ರಶ್ನೆಗೊಳಗಾದ ಸಂದರ್ಭವದು. ಒಡಿಶಾದ ಏತ ನೀರಾವರಿ ನಿಗಮದ ನೌಕರರ ವಿಷಯದಲ್ಲಿ ಹುಟ್ಟಿದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್ 3ರಂದು ಕೊಟ್ಟ ತೀರ್ಪು ದೇಶದಾದ್ಯಂತ ಸೇವಾನಿರತ ಇಂಜಿನಿಯರುಗಳ ನಿದ್ದೆ ಕೆಡಿಸಿತು. ರಾಜಸ್ಥಾನ, ಉತ್ತರ ಪ್ರದೇಶ ಮತ್ತು ತಮಿಳುನಾಡಿನ ನಾಲ್ಕು ಪರಿಗಣಿತ ವಿಶ್ವವಿದ್ಯಾಲಯಗಳು ಅಗತ್ಯ ಅನುಮೋದನೆಯಿಲ್ಲದೆ ದೂರಶಿಕ್ಷಣದ ಮೂಲಕ ಇಂಜಿನಿಯರಿಂಗ್ ಪದವಿ ನೀಡಿದ್ದವು. 2001ರಿಂದ 2005ರವರೆಗಿನ ಶೈಕ್ಷಣಿಕ ಸಾಲುಗಳಲ್ಲಿ ಪ್ರವೇಶ ಪಡೆದವರ ಪದವಿಗಳನ್ನು ನ್ಯಾಯಾಲಯ ಅಮಾನತಿನಲ್ಲಿಟ್ಟು, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಮಾನ್ಯ ಎಂದಿತು. ಅನಂತರ ಪ್ರವೇಶ ಪಡೆದವರ ಪದವಿಗಳನ್ನು ರದ್ದುಮಾಡಿತು. ಆ ಪದವಿಯ ಬಲದಿಂದ ಪಡೆದ ಬಡ್ತಿ ಮೊದಲಾದ ಲಾಭಗಳೂ ಅದರೊಡನೆ ಹೋಗಬೇಕಾಯಿತು.

ಆ ಸಂಸ್ಥೆಗಳನ್ನು ಸಮರ್ಥಿಸಲು ಯಾವ ಕಾರಣವೂ ಇಲ್ಲ. ಪ್ರಯೋಗಾಲಯದ ಮೆಟ್ಟಿಲು ಹತ್ತದೆ ಇಂಜಿನಿಯರಿಂಗ್ ಪದವಿ ಪಡೆಯಬಹುದು ಎಂಬುದೇ ತಪ್ಪು ಕಲ್ಪನೆ. ಸೇತುವೆಯ ಮೇಲೆ ಓಡಾಡುವ ಜನರ ಪ್ರಾಣಕ್ಕಿಂತ ಯಾರ ಬಡ್ತಿಯೂ ದೊಡ್ಡದಲ್ಲ. ಆದರೆ ಆ ಪದವಿಗೆ ಸೇರುವಾಗ ತಮ್ಮ ಇಲಾಖೆಗೆ ಅರ್ಜಿ ಕೊಟ್ಟು ಅನುಮತಿ ಪಡೆದವರೂ ಇದ್ದರು ಎಂಬುದನ್ನು ಮರೆಯಬಾರದು. ಅನುಮತಿ ಕೊಡುವ ಅಧಿಕಾರಿ ಅಂದೇ ಆ ಸಂಸ್ಥೆಯ ಮಾನ್ಯತೆಯನ್ನು ಪರಿಶೀಲಿಸಿದ್ದರೆ ಹತ್ತು ಹದಿನೈದು ವರ್ಷಗಳ ನಂತರ ನೌಕರ ಮತ್ತೆ ಪರೀಕ್ಷಾ ಕೊಠಡಿಯಲ್ಲಿ ಕೂರಬೇಕಾಗಿರಲಿಲ್ಲ. ಎ.ಎಂ.ಐ.ಇ. ವಿಷಯದಲ್ಲೂ ಇಂತಹದೇ ಗಡಿರೇಖೆ ಬಂದಿದೆ. 2013ರ ಮೇ 31ರವರೆಗೆ ನೋಂದಣಿ ಮಾಡಿಸಿಕೊಂಡವರಿಗೆ ಮಾತ್ರ ಅದನ್ನು ಪದವಿಗೆ ಸಮಾನವೆಂದು ಕೇಂದ್ರ ಸರ್ಕಾರ ಪರಿಗಣಿಸಿತು. ನೋಂದಣಿಯ ದಿನಾಂಕ ಒಂದು ದಿನ ಆಚೀಚೆಯಾದರೂ ಫಲ ಬೇರೆ.

ಹಗಲು ಕಾಲೇಜಿನ ಪದವಿಯದ್ದು ಇನ್ನೊಂದು ಬಗೆಯ ಗೊಂದಲ. ಡಿಪ್ಲೊಮಾ ಪಡೆದವರು ಎರಡನೆಯ ವರ್ಷಕ್ಕೆ ನೇರವಾಗಿ ಸೇರಿ ಮೂರು ವರ್ಷದಲ್ಲಿ ಪದವಿ ಮುಗಿಸಬಹುದು. ಆ ಮೂರು ವರ್ಷ ನೌಕರ ರಜೆಯಲ್ಲಿದ್ದನೇ, ಅಥವಾ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಕಚೇರಿಯ ಹಾಜರಿ ಪುಸ್ತಕದಲ್ಲೂ ಒಂದೇ ದಿನ ಅವನ ಹೆಸರಿತ್ತೇ? ಪ್ರಾಮಾಣಿಕವಾಗಿ ಓದಿದವರ ಹಿತದೃಷ್ಟಿಯಿಂದಲೇ ಈ ಪ್ರಶ್ನೆಯನ್ನು ಇಲಾಖೆ ಕೇಳಬೇಕು. ಕೇಳದಿದ್ದರೆ ಸಂಜೆ ಕಾಲೇಜಿನಲ್ಲಿ ಬೆವರು ಸುರಿಸಿದವನೂ, ಹಾಜರಿಯನ್ನು ಹೊಂದಿಸಿಕೊಂಡವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ.

ಮೂರು ಪಕ್ಷ, ಮೂರು ನ್ಯಾಯ

ಈ ವಿವಾದದಲ್ಲಿ ಮೂರು ಪಕ್ಷಗಳಿವೆ, ಮೂರರ ವಾದದಲ್ಲೂ ಹುರುಳಿದೆ. ಸೇವೆಯಲ್ಲಿದ್ದು ಪದವಿ ಪಡೆದವರು, ತಮ್ಮ ಹತ್ತು ವರ್ಷದ ಅನುಭವ ಪದವಿಪತ್ರ ಕೈಗೆ ಬಂದ ದಿನ ಆವಿಯಾಗಿ ಹೋಗುವುದು ಹೇಗೆ ಎಂದು ಕೇಳುತ್ತಾರೆ. ಅನುಭವದ ಮೇಲೆ ಪದವಿಯೂ ಸೇರಿದಾಗ ಬೆಲೆ ಹೆಚ್ಚಬೇಕೇ ಹೊರತು ಎಣಿಕೆ ಸೊನ್ನೆಯಿಂದ ಶುರುವಾಗಬಾರದು ಎಂಬ ಮಾತನ್ನು ತಳ್ಳಿಹಾಕಲಾಗದು.

ನೇರವಾಗಿ ನೇಮಕಗೊಂಡವರು ಸ್ಪರ್ಧಾತ್ಮಕ ಪರೀಕ್ಷೆ ಎದುರಿಸಿ ಬಂದವರು. ತಾವು ಸೇರಿದ ದಿನ ಪಟ್ಟಿಯಲ್ಲಿ ಇಲ್ಲದ ಹೆಸರೊಂದು ಐದು ವರ್ಷದ ನಂತರ ತಮ್ಮ ಮೇಲೆ ಬಂದು ಕೂತರೆ ಅದನ್ನು ಅವರು ಒಪ್ಪಬೇಕಾದ ಕಾರಣವಿಲ್ಲ. ಜ್ಯೇಷ್ಠತೆಯೆಂದರೆ ವೃಂದಕ್ಕೆ ಸೇರಿದ ಕ್ರಮ. ಹುಟ್ಟದ ದಿನಾಂಕಕ್ಕೆ ಜಾತಕ ಬರೆಯಲಾಗದು.

ಮೂರನೆಯ ಪಕ್ಷದ ದನಿ ಸಾಮಾನ್ಯವಾಗಿ ಯಾರಿಗೂ ಕೇಳಿಸುವುದಿಲ್ಲ. ಅವರು ಪದವಿ ಪಡೆಯಲಾಗದ ಡಿಪ್ಲೊಮಾ ಇಂಜಿನಿಯರುಗಳು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುದ್ದೆ ಸಿಕ್ಕವನಿಗೆ ಸಂಜೆ ಕಾಲೇಜು ಎಟುಕುತ್ತದೆ. ನಾಲೆಯ ಕೊನೆಯ ಉಪವಿಭಾಗದಲ್ಲೋ ಗಡಿ ತಾಲೂಕಿನಲ್ಲೋ ಇಡೀ ಸೇವೆ ಕಳೆದವನಿಗೆ ಎಟುಕುವುದಿಲ್ಲ. ಯಾರಿಗೆ ಪದವಿ ದಕ್ಕಿತು ಎಂಬುದು ಪ್ರತಿಭೆಗಿಂತ ಹೆಚ್ಚಾಗಿ ಯಾರಿಗೆ ಯಾವ ಊರಿಗೆ ವರ್ಗವಾಯಿತು ಎಂಬುದರ ಮೇಲೆ ನಿಂತಿದ್ದರೆ ಆ ಪದವಿಗೆ ಅತಿಯಾದ ಜ್ಯೇಷ್ಠತೆ ಕಟ್ಟುವುದು ಎರಡನೆಯ ಅನ್ಯಾಯವಾಗುತ್ತದೆ. ವರ್ಗಾವಣೆಯ ದಂಧೆಗೆ ಅದು ಇನ್ನೊಂದು ಕಾರಣವನ್ನೂ ಒದಗಿಸುತ್ತದೆ.

ಮುಂದಿನ ದಾರಿ

ಹಾಗಾದರೆ ಪರಿಹಾರವೇನು? ಪದವಿಗೆ ಬೆಲೆ ಇರಬೇಕು, ಆದರೆ ಆ ಬೆಲೆ ಮುಂದಕ್ಕೆ ಸಂದಾಯವಾಗಬೇಕು, ಹಿಂದಕ್ಕಲ್ಲ. ಈ ತತ್ವವನ್ನು ಒಪ್ಪಿಕೊಂಡರೆ ಉಳಿದುದೆಲ್ಲ ನಿಯಮ ರಚನೆಯ ಕೆಲಸ.

ಮೊದಲನೆಯದಾಗಿ, ಎಲ್ಲ ಇಂಜಿನಿಯರಿಂಗ್ ಇಲಾಖೆಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಅರ್ಹತಾ ಸೇವೆಯನ್ನು ಯಾವ ದಿನದಿಂದ ಎಣಿಸಬೇಕೆಂಬುದನ್ನು ಒಂದು ಸ್ಪಷ್ಟ ವಾಕ್ಯದಲ್ಲಿ ಬರೆಯಬೇಕು. ಅನುಭವವನ್ನು ಸಂಪೂರ್ಣ ಅಳಿಸುವುದೂ ಬೇಡ, ಸಂಪೂರ್ಣ ಸಮೀಕರಿಸುವುದೂ ಬೇಡ. ಪದವಿಗೆ ಮುಂಚಿನ ಸೇವೆಯ ಒಂದು ಪಾಲನ್ನು ಅರ್ಹತೆಗಾಗಿ ಮಾತ್ರ ಪರಿಗಣಿಸಬಹುದು. ಜ್ಯೇಷ್ಠತೆಯನ್ನು ಮಾತ್ರ ಹೊಸ ವೃಂದಕ್ಕೆ ಕಾಲಿಟ್ಟ ದಿನದಿಂದಲೇ ಲೆಕ್ಕ ಹಾಕಬೇಕು. ಅರ್ಹತೆ ಬೇರೆ, ಜ್ಯೇಷ್ಠತೆ ಬೇರೆ ಎಂಬ ಈ ಭೇದವನ್ನು ಎರಡೂ ಬಣಗಳು ಮರೆತಿರುವುದೇ ಅರ್ಧ ಜಗಳಕ್ಕೆ ಕಾರಣ.

ಎರಡನೆಯದಾಗಿ, ಸೇವೆಯಲ್ಲಿದ್ದು ಪದವಿ ಪಡೆದವರಿಗೆ ಪ್ರತ್ಯೇಕವಾದ, ನಿಗದಿತ ಪ್ರಮಾಣದ ಕೋಟಾ ಇರಬೇಕು. ಅದು ನೇರ ನೇಮಕಾತಿಯ ಪಾಲನ್ನೂ ಕಬಳಿಸಬಾರದು, ಡಿಪ್ಲೊಮಾದಲ್ಲೇ ಉಳಿದವರ ಬಡ್ತಿಯ ಪಾಲನ್ನೂ ಕಬಳಿಸಬಾರದು. ಮೂರನೆಯದಾಗಿ, ಓದಲು ಅನುಮತಿ ಕೊಡುವ ಆದೇಶದಲ್ಲೇ ಆ ಪದವಿ ಮಾನ್ಯವೇ, ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ನಮೂದಿಸಬೇಕು. ಒಮ್ಮೆ ಹಾಗೆ ಬರೆದುಕೊಟ್ಟ ಮೇಲೆ ಸರ್ಕಾರ ಮಾತು ತಪ್ಪಬಾರದು.

ನಾಲ್ಕನೆಯದು ಅವಕಾಶದ ಸಮಾನತೆ. ಉದ್ಯೋಗದಲ್ಲಿರುವವರಿಗೆ ಅನುಕೂಲವಾದ ವೇಳೆಯಲ್ಲಿ ತರಗತಿ ನಡೆಸಲು ತಾಂತ್ರಿಕ ಶಿಕ್ಷಣ ಮಂಡಳಿ 2023-24ನೇ ಸಾಲಿನಿಂದ ಕಾಲೇಜುಗಳಿಗೆ ಅವಕಾಶ ಕಲ್ಪಿಸಿದೆ. ರಾಜ್ಯ ಸರ್ಕಾರ ಇದನ್ನು ಬಳಸಿಕೊಂಡು ಜಿಲ್ಲಾ ಕೇಂದ್ರಗಳ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ತನ್ನ ನೌಕರರಿಗಾಗಿಯೇ ಇಂತಹ ತರಗತಿಗಳನ್ನು ಏರ್ಪಡಿಸಬಹುದು. ಸೇವಾ ಹಿರಿತನದ ಮೇಲೆ ಅಲ್ಲಿಗೆ ಆಯ್ಕೆ ನಡೆದರೆ ಗಡಿ ತಾಲೂಕಿನ ಕಿರಿಯ ಇಂಜಿನಿಯರಿಗೂ ಬಾಗಿಲು ತೆರೆಯುತ್ತದೆ.

ಸಂಘಗಳ ನಾಯಕರಿಗೂ ಒಂದು ಮಾತು ಹೇಳಬೇಕಾಗಿದೆ. ಪೂರ್ವಾನ್ವಯ ಜ್ಯೇಷ್ಠತೆ ಕೊಡಿಸುತ್ತೇವೆಂಬ ಭರವಸೆ ಸಭೆಗಳಲ್ಲಿ ಚಪ್ಪಾಳೆ ತರಬಹುದು, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 1993ರಲ್ಲಿ ನಿಲ್ಲಲಿಲ್ಲ, ಈಗ ನಿಲ್ಲುತ್ತದೆಂದು ನಂಬಲು ಆಧಾರವಿಲ್ಲ. ಅಂತಹ ಆದೇಶ ಪಡೆದು ಬಡ್ತಿ ಹೊಂದಿ, ನಿವೃತ್ತಿಯ ಹೊಸ್ತಿಲಲ್ಲಿ ಹಿಂಬಡ್ತಿಯ ಪತ್ರ ಪಡೆಯುವುದಕ್ಕಿಂತ ದೊಡ್ಡ ಅವಮಾನ ನೌಕರನಿಗೆ ಬೇರೊಂದಿಲ್ಲ. ಚಿಕ್ಕದಾದರೂ ಗಟ್ಟಿಯಾದ ಹಕ್ಕನ್ನು ಕೇಳುವುದು ಜಾಣತನ.

ಸರ್ಕಾರದ ಮುಂದಿರುವುದು ಖರ್ಚಿನ ಪ್ರಶ್ನೆಯೂ ಅಲ್ಲ, ತತ್ವದ ಗೊಂದಲವೂ ಅಲ್ಲ. ತನ್ನ ಇಂಜಿನಿಯರು ಇನ್ನಷ್ಟು ಓದಬೇಕೆಂದು ಅದು ಬಯಸುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸಬೇಕು. ಬಯಸುವುದಾದರೆ ಓದಿನ ಫಲವೇನೆಂದು ಓದುವ ಮುನ್ನವೇ ಅವನಿಗೆ ತಿಳಿಸಬೇಕು. ಅಳತೆ ಪುಸ್ತಕದಲ್ಲಿ ಅಳತೆ ಮೊದಲು, ಬಿಲ್ಲು ಆಮೇಲೆ ಎಂಬುದನ್ನು ಲೋಕೋಪಯೋಗಿ ಇಲಾಖೆಗೆ ಯಾರೂ ಕಲಿಸಬೇಕಾಗಿಲ್ಲ. ತನ್ನ ನೌಕರರ ಜ್ಯೇಷ್ಠತೆಯ ವಿಷಯದಲ್ಲೂ ಅದು ಅದೇ ಕ್ರಮವನ್ನು ಪಾಲಿಸಿದರೆ ಸಾಕು.